ಬಿಸಿಲಿಗೆ ಹೋದರೆ, ಮಿರ್ಚಿ ತಿಂದರೆ ಮುಖ ಉರಿದು ಗುಳ್ಳೆ ಏಳುತ್ತವೆ. ಇದು ಮೊಡವೆಯಾ?

ರೋಸೇಶಿಯಾ, ಅಂದರೆ ಮುಖ ಕೆಂಪಾಗಿ ಉರಿಯುವ ಚರ್ಮದ ತೊಂದರೆ, ಇರುವ ಸಾಧ್ಯತೆಯೇ ಜಾಸ್ತಿ. ಕನ್ನಡಿ ಹತ್ತಿರ ಹಿಡಿದು ನೋಡಿ. ಮೊಡವೆಯಲ್ಲಿ ಚರ್ಮದ ರಂಧ್ರದೊಳಗೆ ಜಿಡ್ಡು ಕಟ್ಟಿಕೊಳ್ಳುತ್ತದೆ, ಅದಕ್ಕೇ ಗುಳ್ಳೆಗಳ ನಡುವೆ ಕಪ್ಪು ಚುಕ್ಕೆ, ಬಿಳಿ ಕಾಳು ಕಾಣುತ್ತವೆ. ರೋಸೇಶಿಯಾದಲ್ಲಿ ಅವು ಇರುವುದಿಲ್ಲ. ಅಲ್ಲಿ ಬಿಸಿಲು, ಖಾರ, ಬಿಸಿ ಚಹಾಕ್ಕೆಲ್ಲ ರಕ್ತನಾಳ ಹಿಗ್ಗಿ ಮೂಗು, ಕೆನ್ನೆ ಉರಿಯುತ್ತವೆ. ನಮ್ಮ ಕಂದು ಚರ್ಮದಲ್ಲಿ ಕೆಂಪು ಅಷ್ಟಾಗಿ ಕಾಣಲ್ಲ ಅಲ್ವಾ, ಹಾಗಾಗಿ ಉರಿಯನ್ನೇ ಗುರುತಾಗಿ ಹಿಡಿಯಿರಿ.

ಮೊಡವೆಗೆ ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್ ಹಚ್ಚುತ್ತಾರೆ. ರೋಸೇಶಿಯಾಕ್ಕೆ ಅವು ಉರಿ ಹೆಚ್ಚಿಸಬಹುದು. ಅದಕ್ಕೆ ಚರ್ಮದ ಡಾಕ್ಟರು ಮೆಟ್ರೋನಿಡಜೋಲ್ ಇಲ್ಲವೇ ಐವರ್‌ಮೆಕ್ಟಿನ್ ಕ್ರೀಮ್ ಬರೆಯುತ್ತಾರೆ. ಹುಬ್ಬಳ್ಳಿ ಬಿಸಿಲಿಗೆ ಸನ್‌ಸ್ಕ್ರೀನ್ ಬೇಕೇ ಬೇಕು. ಮೆಡಿಕಲ್ ಶಾಪಿನಿಂದ ಸುಮ್ನೆ ತಂದ ಸ್ಟಿರಾಯ್ಡ್ ಕ್ರೀಮ್ ಮಾತ್ರ ಹಚ್ಚಬೇಡಿ. ಮೊದಲು ಹಿತ ಅನಿಸುತ್ತದೆ, ಬಿಟ್ಟ ಕೂಡಲೇ ಇಮ್ಮಡಿ ಕಾಡುತ್ತದೆ.