ಅಮೆರಿಕದಲ್ಲಿ ಕಪ್ಪು ವಿದ್ಯಾರ್ಥಿಗಳು ವಿಜ್ಞಾನದ ಪಿಎಚ್‌ಡಿ ಮತ್ತು ಪ್ರಾಧ್ಯಾಪಕ ಹುದ್ದೆಗಳಿಗೆ ಹೆಚ್ಚಾಗಿ ಬರಲು ಏನು ಮಾಡಬೇಕು?

ಪದವಿಯ ಮೊದಲ ವರ್ಷದಲ್ಲೇ ಅವರನ್ನು ಒಂದು ತಂಡವಾಗಿ ಬೆಳೆಸಬೇಕು. ನೇಮಕಾತಿಯ ಹೊತ್ತಿಗೆ ಹುಡುಕಲು ಹೊರಟರೆ ತಡವಾಗಿರುತ್ತದೆ. ಎಷ್ಟೋ ಮಂದಿ ಆರಂಭದ ಕ್ಯಾಲ್ಕುಲಸ್, ಕೆಮಿಸ್ಟ್ರಿ ಕೋರ್ಸುಗಳಲ್ಲೇ ವಿಜ್ಞಾನ ಬಿಟ್ಟುಬಿಟ್ಟಿರುತ್ತಾರೆ.

ಯಾಕೆ ಬಿಡುತ್ತಾರೆ? ಓದುವ ಛಲ ಕಡಿಮೆ ಎಂದಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಗಣಿತಜ್ಞ ಯೂರಿ ಟ್ರೈಸ್‌ಮನ್ ಹತ್ತಿರದಿಂದ ಗಮನಿಸಿದಾಗ, ಕಪ್ಪು ವಿದ್ಯಾರ್ಥಿಗಳು ಕಷ್ಟಪಟ್ಟು ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದವರು ಜೊತೆಗೂಡಿ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಒಂಟಿಯಾಗಿ ಓದುವವನಿಗೆ ತನ್ನ ತಪ್ಪು ಗೊತ್ತಾಗುವುದು ಪರೀಕ್ಷೆಯಲ್ಲೇ. ಆಗ ಅವನು ‘ಇದು ನನ್ನ ಕೈಲಾಗದು’ ಅಂದುಕೊಳ್ಳುವುದು ಸಹಜ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನಲ್ಲಿ 1988ರಲ್ಲಿ ಶುರುವಾದ ಮೇಯರ್‌ಹಾಫ್ ಯೋಜನೆ ಈ ಒಂಟಿತನವನ್ನೇ ಮುರಿಯುತ್ತದೆ. ಕಾಲೇಜು ತೆರೆಯುವ ಮೊದಲೇ ಬೇಸಿಗೆ ತರಗತಿ, ಗುಂಪು ಅಧ್ಯಯನ, ವಿದ್ಯಾರ್ಥಿವೇತನ, ಬೇಗನೆ ಪ್ರಯೋಗಾಲಯದ ಕೆಲಸ. ನನ್ನ ಪ್ರಕಾರ ಕೊನೆಯದೇ ಮುಖ್ಯ: ಸಂಶೋಧನೆಯನ್ನು ಕೈಯಾರೆ ಮಾಡಿದವರಿಗೇ ಪಿಎಚ್‌ಡಿಯ ಆಸೆ ಹುಟ್ಟುವುದು. ಮಾಡರ್ನಾ ಕೋವಿಡ್ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಮುಂಚೂಣಿಯಲ್ಲಿದ್ದ ಕಿಝ್ಮೆಕಿಯಾ ಕಾರ್ಬೆಟ್ ಇದೇ ಯೋಜನೆಯಲ್ಲಿ ಓದಿದವರು. ಪಿಎಚ್‌ಡಿ ಮುಗಿಸಿ, ಮುಂದೆ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದರು.