ಎಂ.ಎ. ಎಕನಾಮಿಕ್ಸ್ ಓದುತ್ತಿದ್ದೇನೆ. ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ತರ ಬಡತನದ ಮೇಲೆ ಕೆಲಸ ಮಾಡುವ ಆಸೆ, ಆದರೆ ಗಣಿತ ವೀಕ್. ಏನು ಮಾಡಲಿ?

ನನಗೂ ಎಂ.ಎ. ಓದುವಾಗ ಇದೇ ಭಯ ಇತ್ತು. ಆದರೆ ನನ್ನ ಪಿಎಚ್‌ಡಿ ಸೀಟು ಕೈತಪ್ಪಿದ್ದು ಗಣಿತದಿಂದ ಅಲ್ಲ, ಒಂದು ಪ್ರಶ್ನಾವಳಿ ಓದದೇ ಇದ್ದದ್ದರಿಂದ.

ನನ್ನ ಡಿಸರ್ಟೇಶನ್ ಕರ್ನಾಟಕದ ಬಡತನದ ಮೇಲೆ. ಯೋಜನಾ ಆಯೋಗದ ಲೆಕ್ಕದಲ್ಲಿ 1993-94ರಲ್ಲಿ ರಾಜ್ಯದ ಬಡವರು ಶೇ. 33, 1999-2000ದಲ್ಲಿ ಶೇ. 20. ಇಡೀ ದೇಶದಲ್ಲಿ 36ರಿಂದ 26ಕ್ಕೆ ಇಳಿದಿತ್ತು. ಇಷ್ಟೊಂದು ಹೇಗೆ ಇಳಿಯಿತು ಅಂತ ನೀರಾವರಿ, ಕೂಲಿ ದರ, ರಸ್ತೆ ಎಲ್ಲ ಸೇರಿಸಿ ರಿಗ್ರೆಶನ್ (ಯಾವುದರಿಂದ ಎಷ್ಟು ಇಳಿಯಿತು ಅಂತ ಅಂದಾಜು ಮಾಡುವ ಲೆಕ್ಕ) ಮಾಡಿದೆ. ಗೈಡ್ ಮೆಚ್ಚಿಕೊಂಡರು. ಪಿಎಚ್‌ಡಿ ಸಂದರ್ಶನದಲ್ಲಿ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಎರಡೂ ಸಲ ಎಷ್ಟು ದಿನದ ಊಟದ ಲೆಕ್ಕ ಕೇಳಿದ್ದಾರೆ?" ನನಗೆ ಗೊತ್ತಿರಲಿಲ್ಲ. ಸಂದರ್ಶನ ಅಲ್ಲಿಗೇ ಮುಗಿಯಿತು.

ಆ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ನಿಮಗೆ ಆಗಬಾರದು. ಬಡತನದ ಅಂಕಿ ಬರುವುದು ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ. ಮನೆ ಮನೆಗೆ ಹೋಗಿ ಅಕ್ಕಿ, ಬೇಳೆ, ಎಣ್ಣೆ ಎಷ್ಟು ಖರ್ಚಾಯಿತು ಅಂತ ಕೇಳುತ್ತಾರೆ. 1993-94ರಲ್ಲಿ ಕೇಳಿದ್ದು ಕಳೆದ 30 ದಿನದ್ದು. 1999-2000ದಲ್ಲಿ ಅದೇ ಹಾಳೆಯಲ್ಲಿ 7 ದಿನಕ್ಕೊಂದು ಕಾಲಂ, 30 ದಿನಕ್ಕೊಂದು ಕಾಲಂ, ಅಕ್ಕಪಕ್ಕದಲ್ಲೇ. 7 ದಿನದ್ದು ಕೇಳಿ ತಿಂಗಳಿಗೆ ಲೆಕ್ಕ ಹಾಕಿದರೆ ಖರ್ಚು ಜಾಸ್ತಿ ಬರುತ್ತದೆ. ಆ ಎರಡು ಸಮೀಕ್ಷೆಗಳ ನಡುವೆ ನಡೆದ ಸಣ್ಣ ಸಮೀಕ್ಷೆಗಳಲ್ಲಿ ಇದನ್ನು ಪರೀಕ್ಷೆ ಮಾಡಿದಾಗ ಆಹಾರದ ಖರ್ಚು ಸುಮಾರು ಶೇ. 30ರಷ್ಟು ಏರಿತ್ತು. ಎರಡು ಕಾಲಂ ಪಕ್ಕಪಕ್ಕ ಇದ್ದಾಗ ಒಂದು ಉತ್ತರ ಇನ್ನೊಂದನ್ನು ತನ್ನ ಕಡೆಗೆ ಎಳೆಯುತ್ತದೆ. 30 ದಿನದ ಲೆಕ್ಕವೂ ಮೇಲೆ ಹೋಗುತ್ತದೆ, ಒಂದಷ್ಟು ಮನೆಗಳು ಕಾಗದದ ಮೇಲೆ ಬಡತನದ ರೇಖೆ ದಾಟುತ್ತವೆ. ನಾನು ನೀರಾವರಿಗೆ ಕೊಟ್ಟ ಶ್ರೇಯಸ್ಸಿನಲ್ಲಿ ಎಷ್ಟೋ ಪಾಲು ಆ ಕಾಲಂಗೆ ಸೇರಬೇಕಿತ್ತು.

ಆಮೇಲೆ ಹೊಟ್ಟೆಪಾಡಿಗೆ ಸರ್ವೆ ಕೆಲಸಕ್ಕೆ ಸೇರಿ ಕೊಪ್ಪಳ, ಯಾದಗಿರಿ ಕಡೆ ಓಡಾಡಿದೆ. ಒಬ್ಬ ಅಮ್ಮನಿಗೆ ತೊಗರಿ ಬೇಳೆ ತಿಂಗಳಿಗೆ ಎಷ್ಟು ಅಂತ ಕೇಳಿದೆ. "ತಿಂಗಳದ್ದು ಯಾರಿಗೆ ನೆನಪಿರ್ತೈತ್ರೀ? ಸಂತಿ ಸಂತಿಗೆ ತರ್ತೀವಿ" ಅಂದರು. ಅಕ್ಕಿಯ ಲೆಕ್ಕ ಮಾತ್ರ ತಿಂಗಳಿಗೆ ಥಟ್ ಅಂತ ಬಂತು, ರೇಷನ್ ತಿಂಗಳಿಗೊಮ್ಮೆ ಅಲ್ವಾ. ಜೋಳ ಹೊಲದ್ದು, ಅದರ ಲೆಕ್ಕ ವರ್ಷಕ್ಕೆ ಇಷ್ಟು ಚೀಲ ಅಂತ. ಒಂದೇ ಅಡುಗೆಮನೆಯಲ್ಲಿ ಮೂರು ಕ್ಯಾಲೆಂಡರ್! ಇದು ನನ್ನ ಯಾವ ಎಕನಾಮೆಟ್ರಿಕ್ಸ್ ಕ್ಲಾಸಿನಲ್ಲೂ ಬಂದಿರಲಿಲ್ಲ.

ಕೇಳುವ ಅವಧಿ ಬದಲಾದರೆ ಉತ್ತರವೂ ಬದಲಾಗುತ್ತದೆ, ಡೀಟನ್ ಹಿಡಿದದ್ದು ಇದನ್ನೇ. ಸೌದೆ, ಸೀಮೆಎಣ್ಣೆ, ಬಾಡಿಗೆ, ಆಸ್ಪತ್ರೆಗೆ ದಾಖಲಾಗದೆ ಆಗುವ ಔಷಧದ ಖರ್ಚು, ಇಂಥವನ್ನು ಎರಡೂ ಸಲ 30 ದಿನಕ್ಕೇ ಕೇಳಿದ್ದರು. ಪ್ರಶ್ನೆ ಬದಲಾಗದ ಈ ಬಾಬ್ತುಗಳ ಖರ್ಚಿಗೂ ಬಡತನಕ್ಕೂ ಇರುವ ನಂಟನ್ನು 1993-94ರ ಸಮೀಕ್ಷೆಯಿಂದ ಕಂಡುಕೊಂಡು, 1999-2000ದ ಬಡತನವನ್ನು ಮತ್ತೆ ಲೆಕ್ಕ ಹಾಕಿದರು. ಹಳ್ಳಿಗಳಲ್ಲಿ ಸರ್ಕಾರ ಹೇಳಿದ್ದು ಶೇ. 27, ಅವರಿಗೆ ಬಂದದ್ದು ಸುಮಾರು 30. ಬಡತನ ಇಳಿದದ್ದು ನಿಜ, ಹೇಳಿದಷ್ಟು ಅಲ್ಲ. ಅರ್ಥಶಾಸ್ತ್ರಜ್ಞ ಜಾನ್ ದ್ರೇಜ್ ಜೊತೆ ಸೇರಿ 2002ರಲ್ಲೇ ಇದರ ಬಗ್ಗೆ ಬರೆದಿದ್ದರು. ನಾನು ಓದಿದ್ದು ಸೀಟು ಹೋದ ಮೇಲೆ.

ಡೀಟನ್ ಅವರ ಗಣಿತ ಗಟ್ಟಿ, ಕೇಂಬ್ರಿಜ್‌ಗೆ ಗಣಿತ ಓದಲೆಂದೇ ಹೋದವರು. ಆದರೆ 2015ರಲ್ಲಿ ನೊಬೆಲ್ ಘೋಷಣೆಯಾದ ಮುಂದಿನ ತಿಂಗಳೇ ಅರ್ಥಶಾಸ್ತ್ರಜ್ಞೆ ಆ್ಯನ್ ಕೇಸ್ ಜೊತೆ ಪ್ರಕಟಿಸಿದ ಪ್ರಬಂಧ ನೋಡಿ. ಅಮೆರಿಕದಲ್ಲಿ 45ರಿಂದ 54 ವಯಸ್ಸಿನ ಬಿಳಿಯರ ಸಾವಿನ ಪ್ರಮಾಣ 1990ರ ದಶಕದ ಕೊನೆಯಿಂದ ಏರುತ್ತಿತ್ತು. ಕಾರಣ: ಮಾದಕ ವಸ್ತು, ಕುಡಿತದಿಂದ ಕೆಟ್ಟ ಲಿವರ್, ಆತ್ಮಹತ್ಯೆ. ಏಟು ಜಾಸ್ತಿ ಬಿದ್ದದ್ದು ಕಡಿಮೆ ಓದಿದವರ ಮೇಲೆ. ಆ ಸಾವಿನ ದಾಖಲೆಗಳು ಯಾರು ಬೇಕಾದರೂ ನೋಡುವ ಹಾಗೆ ಇದ್ದವು. ವಯಸ್ಸು, ಕಾರಣ ಬೇರೆ ಬೇರೆ ಮಾಡಿ ಎಣಿಸಿ ನೋಡುವ ತಾಳ್ಮೆ ಬೇಕಿತ್ತು, ಅಷ್ಟೇ.

ಹಾಗಾಗಿ "ಮೊದಲು ಗಣಿತ, ಆಮೇಲೆ ಬಡತನ" ಅನ್ನುವ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಅಂಕಿ ವಿಶ್ಲೇಷಣೆಗೆ ಬೇಕು ಅಂತ ಪೈಥಾನ್ ಪ್ರೋಗ್ರಾಮಿಂಗ್ ಕೋರ್ಸಿಗೆ ಈಗಲೇ ದುಡ್ಡು ಕಟ್ಟಬೇಡಿ. ಈಗ ಎಲ್ಲರೂ ಇದೇ ಖರ್ಚಿನ ಸಮೀಕ್ಷೆಯ 2011-12ರ ಅಂಕಿಯ ಪಕ್ಕ 2022-23ರದ್ದಿಟ್ಟು ಬಡತನ ಎಷ್ಟು ಇಳಿಯಿತು ಅಂತ ಹೇಳುತ್ತಿದ್ದಾರೆ. ಈ ಸಲವೂ ಕೇಳುವ ರೀತಿ ಬದಲಾಗಿದೆ. ಹಿಂದೆ ಒಂದೇ ಭೇಟಿಯಲ್ಲಿ ಎಲ್ಲ ಕೇಳುತ್ತಿದ್ದರು, ಈಗ ಮೂರು ಪ್ರಶ್ನಾವಳಿ, ಮೂರು ಭೇಟಿ. ಇದನ್ನು ನೋಡದೆ ಎರಡು ಅಂಕಿ ಕಳೆದರೆ ನನ್ನ ಡಿಸರ್ಟೇಶನ್ನೇ ಮತ್ತೊಮ್ಮೆ ಬರೆದ ಹಾಗೆ.

ಆ ಮೂರೂ ಪ್ರಶ್ನಾವಳಿ ಸಾಂಖ್ಯಿಕ ಸಚಿವಾಲಯದ ಸೈಟಿನಲ್ಲಿ ಸಿಗುತ್ತವೆ. ಪ್ರಿಂಟ್ ತೆಗೆದು ನಿಮ್ಮ ಮನೆಯಲ್ಲೇ ಅಮ್ಮನನ್ನು ಕೂರಿಸಿಕೊಂಡು ತುಂಬಿ. ಎಲ್ಲಿ ಅವರು ತಡವರಿಸಿದರು, ಎಲ್ಲಿ ಅಂದಾಜಿನಲ್ಲಿ ಹೇಳಿದರು, ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಡಿಸರ್ಟೇಶನ್‌ನ ಪ್ರಶ್ನೆ ಅಲ್ಲೇ ಸಿಗುತ್ತದೆ. ಅದಕ್ಕೆ ಎಷ್ಟು ಗಣಿತ ಬೇಕೋ ಅಷ್ಟನ್ನು ಆಮೇಲೆ ಕಲಿತರೆ ಆಯಿತು.