ಗೆಳೆಯರ ನೆಚ್ಚಿನ ಹಾಡುಗಳಿಗೆ ಹೆಸರು ಮುಚ್ಚಿಟ್ಟು ರ‍್ಯಾಂಕ್ ಕೊಡೋ ಆಟ: ಜಗಳ ಆಗಲ್ವಾ?

ನೀವು ಕೇಳಿರುವುದು ಇಷ್ಟು: ಏಳೆಂಟು ಗೆಳೆಯರು ಸೇರಿ ಒಬ್ಬೊಬ್ಬರೂ ಒಂದು ಇಷ್ಟದ ಹಾಡು ಕೊಡುವುದು, ಯಾವುದು ಯಾರದ್ದು ಅಂತ ಗೊತ್ತಾಗದ ಹಾಗೆ ಕೇಳಿ ರ‍್ಯಾಂಕ್ ಕೊಡುವುದು. ಯಾರಾದರೂ ಮಾಡಿ ನೋಡಿದ್ದೀರಾ, ಜಗಳ ಆಗಲ್ವಾ ಅಂತ.

ಮಾಡಿದ್ದೇವೆ. ಜಗಳವೂ ಆಗಿದೆ. ಆದರೂ ಬಿಟ್ಟಿಲ್ಲ.

ನಾವು ಆರು ಜನ, ಹಾಸ್ಟೆಲ್ ಕಾಲದ ಗೆಳೆಯರು. ಒಬ್ಬ ಡಾಕ್ಟ್ರು, ಒಬ್ಬ ಮೇಷ್ಟ್ರು, ಒಬ್ಬ ಬ್ಯಾಂಕಿನವನು, ಒಬ್ಬ ಹುಬ್ಬಳ್ಳಿಯಲ್ಲಿದ್ದಾನೆ, ಒಬ್ಬ ಮಸ್ಕತ್‌ನಿಂದ ರಜೆಗೆ ಬರುತ್ತಾನೆ. ಆರನೆಯವನು ನಾನು. ಮಳೆಗಾಲದಲ್ಲಿ ಒಂದು ಶನಿವಾರ ತೀರ್ಥಹಳ್ಳಿ ಹತ್ತಿರ ಮೇಷ್ಟ್ರ ಮನೆಯಲ್ಲಿ ಸೇರುತ್ತೇವೆ. ಹೊರಗೆ ಧೋ ಅಂತ ಮಳೆ, ಒಳಗೆ ಹಲಸಿನ ಹಪ್ಪಳ, ಒಂದು ಬ್ಲೂಟೂತ್ ಸ್ಪೀಕರ್. ಕರೆಂಟ್ ಹೋಗುವುದು ಗ್ಯಾರಂಟಿ ಅಂತ ಸ್ಪೀಕರ್ ಮೊದಲೇ ಚಾರ್ಜ್ ಮಾಡಿಟ್ಟಿರುತ್ತೇವೆ.

ಮೊದಲು ನಿಮಗೆ ಬೇಕಾಗಿರುವುದು ಒಬ್ಬ ಅಂಪೈರ್. ಆಟ ಆಡುವವರು ಯಾರೂ ಆ ಕೆಲಸ ಮಾಡಬಾರದು. ನಮ್ಮಲ್ಲಿ ಮೇಷ್ಟ್ರ ಹೆಂಡತಿ, ಅಂದರೆ ನಮಗೆಲ್ಲ ಅತ್ತಿಗೆ. ಒಂದು ವಾರ ಮುಂಚೆ ಎಲ್ಲರೂ ಅವರ ವಾಟ್ಸಾಪ್‌ಗೆ ಹಾಡು ಕಳಿಸುತ್ತೇವೆ. ಅವರು ಹೆಸರು ತೆಗೆದು ಒಂದರಿಂದ ಆರರವರೆಗೆ ನಂಬರ್ ಹಾಕುತ್ತಾರೆ. ಫೋನ್ ಅವರ ಕೈಯಲ್ಲೇ ಇರುತ್ತದೆ, ಪರದೆ ಯಾರಿಗೂ ಕಾಣಿಸುವುದಿಲ್ಲ. ಅವರು ಓಟು ಹಾಕುವುದಿಲ್ಲ. ಗಂಡನ ಹಾಡು ಯಾವುದು ಅಂತ ಗೊತ್ತಿದ್ದೂ ಮುಖದಲ್ಲಿ ಒಂಚೂರು ತೋರಿಸದೆ ಕೂರುವುದು ಸಾಮಾನ್ಯ ವಿದ್ಯೆ ಅಲ್ಲ ಬಿಡಿ.

ಮೊದಲನೇ ವರ್ಷ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟೆವು. ಅದು ಕೆಟ್ಟು ಕೆರ ಹಿಡಿಯಿತು. ಡಾಕ್ಟ್ರು ಯಾವ ಹಾಡಿಗೂ ನಾಲ್ಕರ ಕೆಳಗೆ ಇಳಿಯಲ್ಲ, ಆರು ದಾಟಲ್ಲ. ಮಸ್ಕತ್‌ನವನು ನಾಲ್ಕು ಹಾಡಿಗೆ ಒಂಬತ್ತು ಕೊಟ್ಟು, ತನಗೆ ಪೈಪೋಟಿ ಅನ್ನಿಸಿದ ಐದನೆಯದಕ್ಕೆ ಒಂದು ಕೊಟ್ಟ. ಆ ಒಬ್ಬನ ಚೀಟಿಯೇ ಇಡೀ ಫಲಿತಾಂಶ ಬದಲಾಯಿಸಿತು. ಹಾಗಾಗಿ ಅಂಕ ಬೇಡ, ಸ್ಥಾನ ಕೊಡಿ. ನಿಮ್ಮ ಹಾಡು ಬಿಟ್ಟು ಉಳಿದ ಐದನ್ನು ಸಾಲಾಗಿ ಬರೆಯಿರಿ. ಮೊದಲನೆಯದಕ್ಕೆ 5, ಕೊನೆಯದಕ್ಕೆ 1. ಆಗ ಎಲ್ಲರ ಕೈಯಲ್ಲೂ ಇರುವುದು 15 ಅಂಕ, ಜುಗ್ಗನಿಗೂ ಅಷ್ಟೇ, ದಾನಶೂರನಿಗೂ ಅಷ್ಟೇ. ಆರು ಚೀಟಿ ಕೂಡಿಸಿದರೆ 90 ಬರಬೇಕು. ಬರದಿದ್ದರೆ ಕೂಡಿಸಿದ್ದು ತಪ್ಪು. ಇದು ನಮ್ಮ ಹೊಸ ಆವಿಷ್ಕಾರ ಏನಲ್ಲ. ಬೋರ್ಡಾ ಅನ್ನೋ ಫ್ರಾನ್ಸಿನ ಗಣಿತಜ್ಞ 18ನೇ ಶತಮಾನದಲ್ಲೇ ಚುನಾವಣೆಗೆ ಅಂತ ಹೇಳಿದ್ದ ಲೆಕ್ಕ.

ತನ್ನ ಹಾಡಿಗೆ ತಾನೇ ಓಟು ಹಾಕಿಕೊಳ್ಳುವ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ. ಯುರೋಪಿನಲ್ಲಿ ದೇಶದೇಶಗಳ ನಡುವೆ ನಡೆಯುವ ಯೂರೋವಿಷನ್ ಹಾಡಿನ ಸ್ಪರ್ಧೆ ಇದೆಯಲ್ಲ, 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ ಶುರುವಾದಾಗ ತೀರ್ಪುಗಾರರು ತಮ್ಮ ದೇಶಕ್ಕೇ ಓಟು ಹಾಕಬಹುದಿತ್ತು. ಅದೂ ಗುಟ್ಟಾಗಿ. ಮುಂದಿನ ಸಲವೇ ಅದನ್ನು ನಿಲ್ಲಿಸಿದರು. ಅಂಕ ಸಮ ಬಂದರೆ ಏನು ಅನ್ನೋದನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಅದೇ ಸ್ಪರ್ಧೆಯಲ್ಲಿ 1969ರಲ್ಲಿ ನಾಲ್ಕು ದೇಶಕ್ಕೆ ಸಮ ಅಂಕ ಬಂತು. ನಿಯಮ ಇರಲಿಲ್ಲ. ನಾಲ್ಕೂ ದೇಶ ಗೆದ್ದವು ಅಂತ ಘೋಷಿಸಬೇಕಾಯಿತು.

ಇನ್ನು ಕೇಳುವಾಗ ಯಾರೂ ಉಸಿರೆತ್ತಬಾರದು. "ಆಹಾ" ಬೇಡ, ತಲೆದೂಗುವುದು ಬೇಡ, ಮೂಗು ಮುರಿಯುವುದು ಅಂತೂ ಬೇಡವೇ ಬೇಡ. ನಮ್ಮ ಬ್ಯಾಂಕಿನವನು ತೊಡೆ ತಟ್ಟಿ ತಾಳ ಹಾಕಿದರೆ ಸಾಕು, ಇಬ್ಬರ ಚೀಟಿ ತಿದ್ದುಪಡಿ ಆಗುತ್ತಿತ್ತು. ಸುಮ್ನೆ ಹೇಳ್ತಿಲ್ಲ, ಇದರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗವೇ ನಡೆದಿದೆ. ಅದರ ವರದಿ 2006ರಲ್ಲಿ ಬಂತು. ಹೆಸರೇ ಕೇಳಿರದ ತಂಡಗಳ 48 ಹಾಡು, 14,000ಕ್ಕೂ ಹೆಚ್ಚು ಕೇಳುಗರು. ಕೆಲವರಿಗೆ ಹಾಡು ಮಾತ್ರ ಕೊಟ್ಟರು, ಉಳಿದವರಿಗೆ ಯಾವುದನ್ನು ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಅಂತಲೂ ತೋರಿಸಿದರು. ಸಂಖ್ಯೆ ನೋಡಿದವರ ಗುಂಪಿನಲ್ಲಿ ಮುಂದಿದ್ದ ಹಾಡು ಇನ್ನೂ ಮುಂದೆ ಓಡಿತು. ಅದಕ್ಕಿಂತ ತಮಾಷೆ ಅಂದರೆ, ಅಂಥ ಒಂದೊಂದು ಗುಂಪಿನಲ್ಲೂ ಬೇರೆ ಬೇರೆ ಹಾಡು ಮೇಲೆ ಬಂತು. ಇದನ್ನು ಮೇಷ್ಟ್ರು ಓದಿ ಹೇಳಿದ ಮೇಲೆ ನಾವು ಆರೂ ಜನ ಗೋಡೆ ಕಡೆ ಮುಖ ಮಾಡಿ ಕೂರಲು ಶುರು ಮಾಡಿದೆವು. ನಲವತ್ತರ ಹತ್ತಿರದ ಆರು ಗಂಡಸರು, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರ ಹಾಗೆ. ಅತ್ತಿಗೆ ಒಂದು ಫೋಟೋ ತೆಗೆದಿಟ್ಟಿದ್ದಾರೆ.

ವಾಲ್ಯೂಮ್ ಸಮ ಮಾಡಿಕೊಳ್ಳಿ. ಇದನ್ನು ಯಾರೂ ಹೇಳಿಕೊಡಲ್ಲ. ಹೊಸ ಹಾಡುಗಳ ರೆಕಾರ್ಡಿಂಗ್ ಜೋರು, ಹಳೆಯವು ಮೆಲ್ಲಗೆ. ಒಂದೇ ಹಾಡನ್ನು ಸ್ವಲ್ಪ ಜೋರಾಗಿ ಹಾಕಿದರೂ ಕಿವಿಗೆ ಅದೇ ಚೆನ್ನ ಅನ್ನಿಸುತ್ತದೆ, ಸೌಂಡ್ ಇಂಜಿನಿಯರ್ ಯಾರನ್ನಾದರೂ ಕೇಳಿ. ಸ್ಪಾಟಿಫೈ ಸೆಟ್ಟಿಂಗ್‌ನಲ್ಲಿ ಹಾಡುಗಳ ಧ್ವನಿಮಟ್ಟ ಸಮ ಮಾಡುವ ಸ್ವಿಚ್ ಇದೆ. ಇಲ್ಲದಿದ್ದರೆ ಅಂಪೈರ್ ಮೊದಲೇ ಒಂದು ಸಲ ಕೇಳಿ ಗುರುತು ಹಾಕಿಕೊಳ್ಳಲಿ.

ಎಲ್ಲರಿಗೂ ಬಾಯಿಪಾಠ ಆಗಿರುವ ಹಾಡನ್ನು ಸೇರಿಸಲೇಬೇಡಿ. 2006ರ ಕೊನೆಗೆ 'ಮುಂಗಾರು ಮಳೆ' ಬಂದಾಗ ನಾವು ಹಾಸ್ಟೆಲ್‌ನಲ್ಲಿದ್ದೆವು. ಮುಂದಿನ ಒಂದು ವರ್ಷ ಟೀ ಅಂಗಡಿ, ಆಟೋ, ಬಾತ್‌ರೂಮ್ ಎಲ್ಲಾ ಕಡೆ ಅದೇ. ಡಾಕ್ಟ್ರು ಅದರದ್ದೊಂದು ಹಾಡು ಕಳಿಸಿದ್ದ. ಯಾರೂ ಕೇಳಲೇ ಇಲ್ಲ, ಎಲ್ಲರೂ ಹಾಡಿದೆವು. ಆಮೇಲೆ ಎಲ್ಲರೂ ಮೇಲಿನ ಸ್ಥಾನ ಕೊಟ್ಟೆವು. ಕೊಟ್ಟಿದ್ದು ಆ ಹಾಸ್ಟೆಲ್ ವರಾಂಡಕ್ಕೆ, ಆ ವಯಸ್ಸಿಗೆ.

ಈಗ ನನ್ನ ಗೋಳು. ಎರಡನೇ ವರ್ಷ ನಾನು ಕಳಿಸಿದ್ದು ಪಿ.ಬಿ. ಶ್ರೀನಿವಾಸ್ ಹಾಡಿದ ಒಂದು ನಿಧಾನದ ಹಾಡು. ಆ ವರ್ಷ ಹೊತ್ತು ಉಳಿಸೋಣ ಅಂತ ಪ್ರತಿ ಹಾಡನ್ನೂ ಒಂದೂವರೆ ನಿಮಿಷಕ್ಕೆ ನಿಲ್ಲಿಸುವುದು ಅಂತ ತೀರ್ಮಾನವಾಗಿತ್ತು. ಹಳೆಯ ಹಾಡಲ್ಲವಾ, ಪಿಟೀಲು, ಕೊಳಲು ಎಲ್ಲಾ ಬಂದು ಹೋಗುವಷ್ಟರಲ್ಲೇ ನಲವತ್ತು ಸೆಕೆಂಡ್ ಮುಗಿಯಿತು. ಪಲ್ಲವಿ ಎರಡು ಸಲ ಬಂತು. ನನಗೆ ಆ ಹಾಡಿನಲ್ಲಿ ಜೀವ ಇರುವುದು ಎರಡನೇ ಚರಣದಲ್ಲಿ. ಅಲ್ಲಿ ಒಂದು ಸಾಲಿನ ಕೊನೆಗೆ ಅವರ ದನಿ ಮೇಲಿನಿಂದ ಇಳಿದು, ಹತ್ತಿಯ ಎಳೆ ನೆಲ ಮುಟ್ಟಿದ ಹಾಗೆ ನಿಲ್ಲುತ್ತದೆ. ಅದಕ್ಕೆ ಇನ್ನೂ ಒಂದೂವರೆ ನಿಮಿಷ ಇತ್ತು. ಅತ್ತಿಗೆ ಟಪ್ ಅಂತ ನಿಲ್ಲಿಸಿದರು. ಗೋಡೆ ಕಡೆ ಮುಖ ಇದ್ದಿದ್ದು ಒಳ್ಳೆಯದೇ ಆಯಿತು. ನನಗೆ ಬಂದಿದ್ದು 8 ಅಂಕ, ಕೊನೆಯ ಸ್ಥಾನ. ಈಗ ಪೂರ್ತಿ ಹಾಡು ಕೇಳುತ್ತೇವೆ. ಆರು ಹಾಡಿಗೆ ಅರ್ಧ ಗಂಟೆ. ಅಷ್ಟು ಹೊತ್ತು ಕೂರಲಾಗದವರು ಈ ಆಟಕ್ಕೆ ಬರುವುದೇ ಬೇಡ ಅಂತ ನನ್ನ ಅಭಿಪ್ರಾಯ. ಹೊಟ್ಟೆಯುರಿ ಅಂತ ಬೇಕಾದರೂ ಅಂದುಕೊಳ್ಳಿ.

ನಿಜವಾದ ಜಗಳ ಆಗಿದ್ದು ಅದೇ ದಿನ, ಮೇಲಿನ ಸ್ಥಾನಕ್ಕೆ. ಹುಬ್ಬಳ್ಳಿಯವನು ಕಳಿಸಿದ್ದು ಶಿಶುನಾಳ ಶರೀಫರ ಒಂದು ತತ್ವಪದ. ಅವನ ಊರಿನ ಭಜನೆಯಲ್ಲಿ ಫೋನಿನಲ್ಲೇ ಹಿಡಿದದ್ದು. ಏಕತಾರಿ, ದಮ್ಮಡಿ, ನಡುನಡುವೆ ಯಾರದೋ ಕೆಮ್ಮು. ಮೂರು ಜನ ಅದಕ್ಕೆ ಮೊದಲ ಸ್ಥಾನ ಕೊಟ್ಟರು. ನಾನು ಮತ್ತು ಡಾಕ್ಟ್ರು ಕೊನೆಗೆ ತಳ್ಳಿದೆವು. ಒಟ್ಟು 17. ಬ್ಯಾಂಕಿನವನ ಹಾಡು ಎಂಬತ್ತರ ದಶಕದ ಎಸ್‌ಪಿಬಿ–ಜಾನಕಿ ಯುಗಳಗೀತೆ. ಅದಕ್ಕೆ ಒಬ್ಬನೂ ಮೊದಲ ಸ್ಥಾನ ಕೊಟ್ಟಿರಲಿಲ್ಲ. ನಾಲ್ಕು ಜನ ಎರಡನೇ ಸ್ಥಾನ, ಒಬ್ಬ ಮೂರನೇದು. ಒಟ್ಟು 19. ಗೆದ್ದಿತು.

"ಮೂರು ಮಂದಿ ತಲೀ ಮ್ಯಾಲ ಹೊತ್ಕೊಂಡ ಹಾಡು ಸೋತು, ಯಾರೂ ಹೊತ್ಕೊಳ್ಳದ್ದು ಗೆದ್ದತಿ. ಇದೆಂಥಾ ಲೆಕ್ಕಲೇ?" ಅಂತ ಹುಬ್ಬಳ್ಳಿಯವನು ಎದ್ದು ನಿಂತ. ಬ್ಯಾಂಕಿನವನು ಮೂರು ಸಲ ಕೂಡಿಸಿ ತೋರಿಸಿದ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹುಬ್ಬಳ್ಳಿಯವನು ಹೇಳಿದ್ದೂ ಸರಿಯೇ. ಈ ಆಟದಲ್ಲಿ ಗೆಲ್ಲುವುದು ಯಾರಿಗೂ ಬೇಡ ಅನ್ನಿಸದ ಹಾಡು. ಒಬ್ಬ ಪ್ರಾಣ ಬಿಡುವ ಹಾಡಿಗೆ ಇನ್ನೊಬ್ಬ ಮುಖ ತಿರುಗಿಸುವುದು ಸಹಜ, ಅಂಥದ್ದು ನಡುವಿಗೋ ಕೆಳಕ್ಕೋ ಬಂದು ಬೀಳುತ್ತದೆ. ಅದಕ್ಕೆ ಈಗ ಎರಡು ಬಹುಮಾನ ಇಟ್ಟಿದ್ದೇವೆ. ಒಟ್ಟು ಅಂಕಕ್ಕೆ ಒಂದು, ಅತಿ ಹೆಚ್ಚು ಮೊದಲ ಸ್ಥಾನ ಪಡೆದ ಹಾಡಿಗೆ ಒಂದು. ಎರಡೂ ತಲಾ ಒಂದು ಬಾಟಲಿ ಜೇನುತುಪ್ಪ. ನನಗೆ ಇದುವರೆಗೆ ಯಾವುದೂ ಬಂದಿಲ್ಲ.

ಯಾರ ಹಾಡು ಅಂತ ಊಹಿಸುವುದನ್ನು ಚೀಟಿ ಕೊಟ್ಟಾದ ಮೇಲೆ ಇಟ್ಟುಕೊಳ್ಳಿ. ಮೊದಲೇ ಶುರುವಾದರೆ ಹಾಡು ಬಿಟ್ಟು ಮನುಷ್ಯನಿಗೆ ಅಂಕ ಕೊಡುತ್ತೀರಿ. ಒಂದು ಮಾತು, ಗುಟ್ಟು ಉಳಿಯುವುದು ಎರಡು ಮೂರು ವರ್ಷ ಮಾತ್ರ. ಆಮೇಲೆ ಮೊದಲ ತಬಲಾ ಪೆಟ್ಟಿಗೇ ಇದು ಬ್ಯಾಂಕಿನವನದು ಅಂತ ಗೊತ್ತಾಗಿಬಿಡುತ್ತದೆ. ಹೋದ ವರ್ಷ ಡಾಕ್ಟ್ರು ಬೇಕಂತಲೇ ಮೇಷ್ಟ್ರ ರುಚಿಯ ಒಂದು ಭಾವಗೀತೆ ಕಳಿಸಿ ಎಲ್ಲರಿಗೂ ಟೋಪಿ ಹಾಕಿದ. ಮೇಷ್ಟ್ರೇ ಅದಕ್ಕೆ ಮೊದಲ ಸ್ಥಾನ ಕೊಟ್ಟಿದ್ದರು.

ಕೊನೆಗೆ, ಫಲಿತಾಂಶ ಹೇಳಿದ ತಕ್ಷಣ ಚೀಟಿಗಳನ್ನು ಒಲೆಗೆ ಹಾಕಿಸಿ. ನಾವು ಹಾಕಿಸಲಿಲ್ಲ. ಅಷ್ಟೂ ವರ್ಷದ ಚೀಟಿಗಳನ್ನು ಅತ್ತಿಗೆ ಅಡುಗೆಮನೆಯಲ್ಲಿ ಒಂದು ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದಾರೆ. ಯಾರಾದರೂ ಊಟದ ತಟ್ಟೆ ಎತ್ತದೆ ಎದ್ದರೆ ಸಾಕು, "ನಿಮ್ಮ ಚೀಟಿ ತೆಗೀಲಾ?" ಅಂತಾರೆ.